ನಲವತ್ತೈದು ಪರ್ಸೆಂಟಿನ ಹೆಂಗಸು

ಮೊದಲೇ ಹೇಳಿಬಿಡುತ್ತೇನೆ, ಇದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ನಾವು ಉಡುತಡಿಗೆ ಹೋದದ್ದು ಯುಗಾದಿಯ ಮಾರನೆಯ ದಿನವೋ ಅದರ ಮಾರನೆಯ ದಿನವೋ ಖಚಿತವಿಲ್ಲ. ಡೈರಿಯಲ್ಲಿ ಆ ವಾರದ ಪುಟದ ತುಂಬ ಬರೀ ಸಂಖ್ಯೆಗಳಿವೆ. ಊಟಕ್ಕೆ ಹೋಳಿಗೆ ಇತ್ತು ಎಂದು ನೆನಪು. ಆದರೆ ನನ್ನ ನೆನಪು ಏನೇನು ಹೇಳಬಲ್ಲದು ಎಂಬುದು ಮುಂದೆ ನಿಮಗೇ ಗೊತ್ತಾಗುತ್ತದೆ. ಒಂದು ಮಾತು ಮಾತ್ರ ಖಂಡಿತ. ಅತ್ತೆಯ ಮನೆಯ ಪಡಸಾಲೆಯಲ್ಲಿ ಎಲೆಯ ಮುಂದೆ ಕೂತು, "ನನ್ನ ದುಡ್ಡು ಒಂದೇ ವರ್ಷದಲ್ಲಿ ನಲವತ್ತೈದು ಪರ್ಸೆಂಟ್ ಬೆಳೆದಿದೆ" ಎಂದು ನಾನು ಹೇಳಿದೆ. ಇದಕ್ಕೆ ನನ್ನ ಗಂಡ ಸಾಕ್ಷಿ. ಅವರು ಇವತ್ತಿಗೂ ವಾರಕ್ಕೊಮ್ಮೆ ಅದನ್ನು ನೆನಪಿಸುತ್ತಾರೆ.

ನಾನು ಸೊರಬದಲ್ಲಿ ಇತಿಹಾಸದ ಅತಿಥಿ ಉಪನ್ಯಾಸಕಿ. ನಮಗೆ ತಿಂಗಳು ತಿಂಗಳು ಸಂಬಳ ಬರುವುದಿಲ್ಲ. ನಾಲ್ಕು ತಿಂಗಳು ಏನೂ ಇಲ್ಲ, ಐದನೆಯ ತಿಂಗಳು ಒಂದು ಬೆಳಿಗ್ಗೆ ಮೊಬೈಲು ಕಿಣಿ ಎನ್ನುತ್ತದೆ, ಹಿಂದಿನದೆಲ್ಲ ಒಟ್ಟಿಗೆ ಬಂದು ಬೀಳುತ್ತದೆ. ಆ ದಿನ ನಾವು ಅತಿಥಿಗಳೆಲ್ಲ ಸ್ಟಾಫ್ ರೂಮಿನಲ್ಲಿ ಮದುವೆ ಮನೆಯವರ ಹಾಗೆ ಓಡಾಡುತ್ತೇವೆ. ನಾಲ್ಕು ವರ್ಷದ ಹಿಂದೆ ಅಂಥದೇ ಒಂದು ಬೆಳಿಗ್ಗೆ ನಾನು ಡಿಮ್ಯಾಟ್ ಖಾತೆ ತೆರೆದು, ಇಪ್ಪತ್ತು ಸಾವಿರ ಹಾಕಿ, ಷೇರು ಕೊಳ್ಳಲು ಶುರು ಮಾಡಿದೆ. ಯಾರ ಸಲಹೆಯೂ ಬೇಡ, ನಾನೇ ಓದಿ ನಾನೇ ಕೊಳ್ಳುತ್ತೇನೆ ಎಂಬ ಹಟ. ಗಂಡ ಪ್ರೈಮರಿ ಶಾಲೆಯ ಮೇಷ್ಟ್ರು. ಅವರ ದುಡ್ಡೆಲ್ಲ ಬ್ಯಾಂಕಿನ ಎಫ್‌ಡಿಯಲ್ಲಿ, ಪತ್ರಗಳೆಲ್ಲ ಒಂದು ಪ್ಲಾಸ್ಟಿಕ್ ಚೀಲದಲ್ಲಿ, ಚೀಲ ಬೀರುವಿನಲ್ಲಿ.

ಲೆಕ್ಕಕ್ಕೆ ನನ್ನದೊಂದು ಪದ್ಧತಿ ಇತ್ತು. ಪ್ರತಿ ಯುಗಾದಿಯ ದಿನ ಬೇವು ಬೆಲ್ಲ ತಿಂದ ಮೇಲೆ ಖಾತೆಯಲ್ಲಿ ಒಟ್ಟು ಎಷ್ಟಿದೆ ಎಂದು ನೋಡಿ ಡೈರಿಯಲ್ಲಿ ಬರೆಯುವುದು. ಹೋದ ಯುಗಾದಿಗೆ ಒಂದು ಲಕ್ಷದ ನಲವತ್ತು ಸಾವಿರ ಇತ್ತು. ಈ ಯುಗಾದಿಗೆ ಎರಡು ಲಕ್ಷದ ಮೂರು ಸಾವಿರ. ಅರವತ್ತಮೂರು ಸಾವಿರ ಹೆಚ್ಚು. ಭಾಗಿಸಿದರೆ ಸರಿಯಾಗಿ ಶೇಕಡಾ ನಲವತ್ತೈದು. ಆ ಸಂಖ್ಯೆ ನೋಡಿ ನನ್ನ ಕಾಲು ನೆಲಕ್ಕೆ ತಾಗಲಿಲ್ಲ. ಮೊಬೈಲಿನ ಆ್ಯಪು ತೆರೆದರೆ ಅಲ್ಲೂ ಹಸಿರು ಬಣ್ಣದಲ್ಲಿ ಮೂವತ್ತೆಂಟು ಎಂದಿತ್ತು. ಎರಡರಲ್ಲಿ ಯಾವುದು ಸರಿ ಎಂದು ಕೇಳಿಕೊಳ್ಳುವ ಬುದ್ಧಿ ಅವತ್ತು ಬರಲಿಲ್ಲ. ದೊಡ್ಡದನ್ನೇ ಇಟ್ಟುಕೊಂಡೆ.

ಇನ್ನು ಅತ್ತೆಯ ವಿಷಯ. ಅತ್ತೆ ಎಂದರೆ ಗಂಡನ ತಾಯಿಯಲ್ಲ, ನನ್ನ ಅಪ್ಪನ ಅಕ್ಕ. ಮದುವೆಯಾಗಿ ಉಡುತಡಿಗೆ ಬಂದವರು, ಅಲ್ಲೇ ಕುರಿ ಕಟ್ಟಿ ಬೆಳೆಸಿದವರು. ನಮ್ಮ ಕಡೆಯವರದು ಹಿಂದಿನಿಂದಲೂ ಹೊಲ ಮತ್ತು ಕುರಿ. ಈ ವರ್ಷ ಅತ್ತೆ ಹಿಂಡನ್ನೆಲ್ಲ ಮಾರಿದರು. ಅಂಬ್ಲಿಗೊಳ ಜಲಾಶಯದ ನೀರು ಹರಿದ ಕಡೆಯೆಲ್ಲ ಜನ ಬೇಲಿ ಹಾಕಿ ಬೆಳೆ ತೆಗೆಯುತ್ತಿದ್ದಾರೆ, ಮೇಯಿಸಲು ಬಯಲು ಉಳಿದಿಲ್ಲ, ಬೇಲಿಯ ಈಚೆ ನಿಂತು ಬೈಸಿಕೊಳ್ಳಲು ಈ ವಯಸ್ಸಿನಲ್ಲಿ ನನಗೇನು ಕರ್ಮ ಎಂದು ಅವರ ವಾದ. ಮಾರಿದ ದುಡ್ಡು ಮೂರು ಲಕ್ಷದ ಇಪ್ಪತ್ತು ಸಾವಿರ ಬ್ಯಾಂಕಿನಲ್ಲಿತ್ತು.

ನಲವತ್ತೈದು ಎಂದ ಕೂಡಲೇ ಅತ್ತೆ ಬಡಿಸುವ ಕೈ ನಿಲ್ಲಿಸಿದರು.

"ನೂರಕ್ಕೆ ನಲವತ್ತೈದಾ?"

"ಹೌದತ್ತೆ. ಒಂದೇ ವರ್ಷಕ್ಕೆ."

"ಮೇಷ್ಟ್ರೇ, ನಿಮ್ದು ಎಷ್ಟು?"

ಗಂಡ ತಲೆ ಎತ್ತದೆ, "ಏಳು ಚಿಲ್ಲರೆ" ಎಂದರು.

"ಅದಕ್ಕೇ ತಲೆ ಬಗ್ಗಿಸ್ಕೊಂಡು ಉಣ್ತಾ ಇದೀರಿ" ಎಂದು ಅತ್ತೆ ಅವರ ಎಲೆಗೆ ಇನ್ನಷ್ಟು ತುಪ್ಪ ಹಾಕಿದರು. ಆಮೇಲೆ ನನ್ನ ಕಡೆ ತಿರುಗಿ, "ಹಂಗಾರೆ ನನ್ನ ಕುರಿದುಡ್ಡೂ ನಿನ್ನ ಹತ್ರನೇ ಇರ್ಲಿ ಬಿಡವ್ವ. ಬ್ಯಾಂಕಿನವರು ಎಫ್‌ಡಿ ಮಾಡಿ ಎಫ್‌ಡಿ ಮಾಡಿ ಅಂತ ಫೋನ್ ಮಾಡ್ತಾನೆ ಅದಾರೆ. ನಮ್ಮ ಹುಡುಗಿಗಿಂತ ಅವರು ಹೆಚ್ಚಾ?" ಎಂದರು.

ನಾನು ಆ ಕ್ಷಣ ಹೇಗಿದ್ದೆ ಎಂದು ಬರೆಯಲು ಇವತ್ತಿಗೂ ಮುಜುಗರ. ಎರಡು ಲಕ್ಷದ ಹೆಂಗಸು ಐದು ಲಕ್ಷದ ಹೆಂಗಸಾಗಿದ್ದೆ. ಯಾವ ಯಾವ ಕಂಪನಿ ಕೊಳ್ಳಬೇಕು ಎಂದು ಎಲೆಯ ಮೇಲೆ ಬೆರಳಿನಲ್ಲೇ ಪಟ್ಟಿ ಬರೆಯುತ್ತಿದ್ದೆ. ಗಂಡ ಮೊಣಕೈಯಿಂದ ತಿವಿದದ್ದು ಗೊತ್ತಾಯಿತು, ಅಸೂಯೆ ಎಂದುಕೊಂಡೆ.

ಊಟವಾದ ಮೇಲೆ ಅತ್ತೆ ಗೋಡೆಗೆ ಒರಗಿ ಎಲೆ ಅಡಿಕೆ ಹಾಕಿಕೊಂಡರು. ಹಾಕಿಕೊಳ್ಳುತ್ತ, ಇವತ್ತು ಬಿಸಿಲು ಜಾಸ್ತಿ ಎನ್ನುವ ದನಿಯಲ್ಲಿ ಕೇಳಿದರು.

"ಅಲ್ಲವ್ವ, ಆ ಹೆಚ್ಚಾಗಿದ್ದರಲ್ಲಿ ಹುಟ್ಟಿದ್ದು ಎಷ್ಟು, ತಂದು ಬಿಟ್ಟಿದ್ದು ಎಷ್ಟು?"

"ಅಂದ್ರೆ?"

"ಹೋದ ವರ್ಷ ನಲವತ್ತು ಕುರಿ ಇತ್ತು, ಈ ವರ್ಷ ಅರವತ್ತು ಅದಾವೆ ಅಂತ ಒಬ್ಬ ಹೇಳ್ದ ಅನ್ನು. ನಾನು ಮೊದಲು ಕೇಳೋದು ಅದನ್ನೇ. ಇಪ್ಪತ್ತೂ ದೊಡ್ಡಿಯಲ್ಲಿ ಹುಟ್ಟಿದ್ದೋ, ಸಂತೆಯಲ್ಲಿ ಹದಿನೈದು ಕೊಂಡು ತಂದು ಬಿಟ್ಟಿದಾನೋ. ಕೊಂಡು ತಂದಿದ್ದು ಬೆಳೆದಂಗೆ ಆಗಲ್ಲ ನೋಡು."

ಆಗ ನನಗೆ ನಲವತ್ತೆಂಟು ಸಾವಿರ ನೆನಪಾಯಿತು. ಶಿವರಾತ್ರಿಯ ಹಿಂದಿನ ವಾರ ಬಂದ ಬಾಕಿ ಸಂಬಳ. ಬಂದ ದಿನವೇ ಅದನ್ನು ಪೂರ್ತಿ ಖಾತೆಗೆ ಹಾಕಿದ್ದೆ. ತಿಂಗಳುಗಟ್ಟಲೆ ಪಾಠ ಹೇಳಿ ಗಂಟಲು ಒಣಗಿಸಿಕೊಂಡು ದುಡಿದ ದುಡ್ಡನ್ನು ಮಾರುಕಟ್ಟೆ ನನಗೆ ಕೊಟ್ಟ ಲಾಭ ಎಂದು ಎಣಿಸಿ ಹೋಳಿಗೆ ತಿಂದಿದ್ದೆ.

ಅತ್ತೆ ಬಿಡಲಿಲ್ಲ. "ಇನ್ನೊಂದು. ಸತ್ತವು ಎಲ್ಲಿ?"

"ಯಾವ ಸತ್ತವು?"

"ಎಲ್ಲಾ ಹಿಂಡಲ್ಲೂ ಸಾಯ್ತವೆ. ನಿನ್ನ ಮೊಬೈಲಲ್ಲಿ ಬರೀ ಬದುಕಿರೋವು ಕಾಣ್ತವೋ, ಸತ್ತವೂ ಕಾಣ್ತವೋ? ದೊಡ್ಡಿಯಲ್ಲಿ ನಿಂತಿರೋವನ್ನ ಅಷ್ಟೇ ಎಣಿಸಿದ್ರೆ ಎಲ್ಲರೂ ಸಾಹುಕಾರರೇ."

ಆ್ಯಪಿನಲ್ಲಿ ಈಗ ನನ್ನ ಬಳಿ ಇರುವ ಷೇರುಗಳು ಮಾತ್ರ ಕಾಣುತ್ತಿದ್ದವು. ನಷ್ಟಕ್ಕೆ ಮಾರಿದ ಮೂರು ಕಂಪನಿಗಳು, ಅವುಗಳ ಪೈಕಿ ಹಾಕಿದ ದುಡ್ಡಿನ ಮೂರರಲ್ಲಿ ಎರಡು ಪಾಲು ಮುಳುಗಿಸಿದ ಒಂದು ಪಂಪ್‌ಸೆಟ್ ಕಂಪನಿ, ಪರದೆಯಿಂದ ಎಂದೋ ಮಾಯವಾಗಿದ್ದವು. ಪರದೆಯಿಂದ ಹೋದ ದಿನವೇ ನನ್ನ ತಲೆಯಿಂದಲೂ ಹೋಗಿದ್ದವು. ಇತಿಹಾಸ ಪಾಠ ಮಾಡುವವಳು ನಾನು. ಗೆದ್ದವರ ಶಾಸನವನ್ನು ಮಾತ್ರ ಓದಿ ಯುದ್ಧದ ಬಗ್ಗೆ ತೀರ್ಮಾನಿಸಬೇಡಿ ಎಂದು ಪ್ರತಿ ವರ್ಷ ಹೇಳುತ್ತೇನೆ, ಪರೀಕ್ಷೆಯಲ್ಲಿ ಅದಕ್ಕೆ ಐದು ಅಂಕವನ್ನೂ ಇಡುತ್ತೇನೆ.

"ಎರಡು ವಾರ ತಗೋ" ಎಂದರು ಅತ್ತೆ. "ಸರಿಯಾಗಿ ನೋಡ್ಕೊಂಡು ಬಂದು ಹೇಳು. ಈ ದುಡ್ಡು ಬಿಟ್ರೆ ನನ್ನ ಹತ್ರ ಇರೋದು ಒಂದೆಕರೆ ಮೆಕ್ಕೆಜೋಳ, ಎರಡು ಮೊಣಕಾಲು. ಎರಡನ್ನೂ ನೆಚ್ಚೋ ಹಂಗಿಲ್ಲ."

ಬೈಕಿನಲ್ಲಿ ವಾಪಸು ಬರುವಾಗ ಶಿರಾಳಕೊಪ್ಪ ದಾಟಿದ ಮೇಲೆ ಗಂಡನ ಬೆನ್ನು ಅಲುಗತೊಡಗಿತು. ನಗುತ್ತಿದ್ದರು. ನಾನೂ ನಕ್ಕೆ. ಬೈಕು ನಿಲ್ಲಿಸಬೇಕಾಯಿತು.

ಮುಂದಿನ ಭಾನುವಾರ ಬೆಳಿಗ್ಗೆ ತಿಂಡಿ ಮುಗಿಸಿ ಇಬ್ಬರೂ ಲ್ಯಾಪ್‌ಟಾಪಿನ ಮುಂದೆ ಕೂತೆವು. ಇಂಥ ಲೆಕ್ಕಕ್ಕೆ ಒಂದು ಸೂತ್ರವಿದೆ, ಎಕ್ಸ್‌ಐಆರ್‌ಆರ್ ಎನ್ನುತ್ತಾರೆ. ಯಾವ ತಾರೀಕಿಗೆ ಎಷ್ಟು ಹಾಕಿದೆ, ಯಾವತ್ತು ಎಷ್ಟು ತೆಗೆದೆ, ಇವತ್ತು ಎಷ್ಟಿದೆ ಎಂದು ತುಂಬಿದರೆ ಸಾಕು. ಒಂದೊಂದು ರೂಪಾಯಿಯೂ ಎಷ್ಟು ದಿನ ಒಳಗಿತ್ತು ಎಂದು ಗಣಿಸಿ, ವರ್ಷಕ್ಕೆ ಶೇಕಡಾ ಎಷ್ಟರಂತೆ ಬೆಳೆಯಿತು ಎಂದು ಅದು ಹೇಳುತ್ತದೆ. ಹೋದ ತಿಂಗಳು ಬಂದ ದುಡ್ಡು ವರ್ಷವಿಡೀ ದುಡಿದಂತೆ ನಟಿಸಲು ಅದು ಬಿಡುವುದಿಲ್ಲ. ಅತ್ತೆಯ ಪ್ರಶ್ನೆಯನ್ನೇ ಯಾರೋ ಗಣಿತದಲ್ಲಿ ಬರೆದಿಟ್ಟಿದ್ದರು.

ಗಂಡ ಬ್ಯಾಂಕಿನ ಪಟ್ಟಿ ನೋಡಿ ತಾರೀಕು ಓದಬೇಕು, ನಾನು ತುಂಬಬೇಕು. ಶಾಲೆಯಲ್ಲಿ ಉಕ್ತಲೇಖನ ಓದುವ ದನಿಯಲ್ಲೇ ಅವರು ಓದಿದರು, ಪ್ರತಿ ಸಾಲನ್ನೂ ಎರಡು ಸಲ. ಮುಗಿದ ಮೇಲೆ ಸೂತ್ರ ಹಾಕಿ ಗುಂಡಿ ಒತ್ತಿದೆ. ನಾನೂರ ಹನ್ನೆರಡು ಎಂದು ಬಂತು.

ಶೇಕಡಾ ನಾನೂರ ಹನ್ನೆರಡು. ವರ್ಷಕ್ಕೆ.

ಮೊದಲು ಮಾತಾಡಿದ್ದು ಎಫ್‌ಡಿಯ ಮನುಷ್ಯರಾದ ನನ್ನ ಗಂಡನೇ. "ಹೀಗೇ ಹೋದ್ರೆ ನಿನ್ನ ಅತ್ತೆ ದುಡ್ಡು ಐದು ವರ್ಷಕ್ಕೆ ಎಷ್ಟಾಗತ್ತೆ ನೋಡು" ಎಂದರು. ನೋಡಿದೆ. ನೂರು ಕೋಟಿ ದಾಟಿತ್ತು. ಹತ್ತು ವರ್ಷಕ್ಕೆ ಎಷ್ಟು ಎಂದು ನೋಡಿದಾಗ ಸಂಖ್ಯೆಗೆ ಆ ಚೌಕದೊಳಗೆ ಜಾಗ ಸಾಲಲಿಲ್ಲ. ಇಲ್ಲಿಂದ ಚಂದ್ರಗುತ್ತಿ ಗುಡ್ಡದವರೆಗೆ ಸಿಕ್ಕಿದ್ದನ್ನೆಲ್ಲ ಅತ್ತೆಯ ಹೆಸರಿಗೆ ಕೊಳ್ಳಬಹುದು, ಆಗ ಕುರಿ ಮೇಯಿಸಲು ಯಾರ ಬೇಲಿಯೂ ಅಡ್ಡ ಬರುವುದಿಲ್ಲ ಎಂದು ತೀರ್ಮಾನಿಸಿದೆವು. ನಾನು ಇನ್ನೊಂದು ಸುತ್ತು ಕಾಫಿ ಮಾಡಿದೆ. ಅಷ್ಟು ಸಂತೋಷದ ಕಾಫಿಯನ್ನು ನಾನು ಈಚೆಗೆ ಕುಡಿದಿಲ್ಲ.

ಲೋಟ ಕೆಳಗಿಡುತ್ತ ಗಂಡ ಪರದೆಗೆ ಬಗ್ಗಿದರು. "ಮಾರಾಯ್ತಿ, ಇದ್ರ ಪ್ರಕಾರ ನಾವು ಇನ್ನೂ ಬಾರದ ನವೆಂಬರಲ್ಲಿ ದುಡ್ಡು ಹಾಕಿದೀವಿ."

ನಾನು ತಿಂಗಳು ಮತ್ತು ದಿನವನ್ನಷ್ಟೇ ತುಂಬಿ ವರ್ಷ ಬರೆದಿರಲಿಲ್ಲ. ಯಂತ್ರ ಎಲ್ಲಕ್ಕೂ ಈ ವರ್ಷವನ್ನೇ ಹಾಕಿಕೊಂಡಿತ್ತು. ಮತ್ತೆ ಉಕ್ತಲೇಖನ ಶುರುವಾಯಿತು.

ಎರಡನೆಯ ಸಲ ಪ್ರತಿ ಖರೀದಿಯ ಕಾಗದವನ್ನೂ ಇಮೇಲಿನಿಂದ ತೆಗೆದು ನೋಡಿದೆವು. ಅಲ್ಲಿ ನನಗೆ ಇನ್ನೊಂದು ಪೆಟ್ಟು ಕಾದಿತ್ತು. ಮಾರುಕಟ್ಟೆ ದಢಾರನೆ ಕುಸಿದ ಒಂದು ದಿನ, ಎಲ್ಲರೂ ಹೆದರಿ ಮಾರುವಾಗ ನಾನೊಬ್ಬಳೇ ಧೈರ್ಯವಾಗಿ ಕೊಂಡೆ ಎಂಬ ಕಥೆಯನ್ನು ಸ್ಟಾಫ್ ರೂಮಿನಲ್ಲಿ ಎಷ್ಟೋ ಸಲ ಹೇಳಿದ್ದೇನೆ. ಕ್ಲಾಸಿಗೆ ಹೋಗುವ ಮುಂಚೆ ಕಾರಿಡಾರಿನ ಕಂಬಕ್ಕೆ ಒರಗಿ ಗುಂಡಿ ಒತ್ತಿದ್ದು, ಕೈ ಬೆವತದ್ದು, ಎಲ್ಲ ಕಣ್ಣಿಗೆ ಕಟ್ಟಿದ ಹಾಗಿದೆ. ಕಾಗದದ ಪ್ರಕಾರ ನಾನು ಕೊಂಡದ್ದು ಕುಸಿತಕ್ಕೆ ಆರು ದಿನ ಮೊದಲು, ಅತಿ ಹೆಚ್ಚಿನ ಬೆಲೆಗೆ. ಕುಸಿದ ದಿನ ನನ್ನ ಖಾತೆಯಲ್ಲಿ ಯಾವ ವ್ಯವಹಾರವೂ ಇಲ್ಲ. ಹಾಗಾದರೆ ಕಂಬಕ್ಕೆ ಒರಗಿ ನಾನು ಮಾಡಿದ್ದೇನು? ಬಹುಶಃ ಹೆದರಿ ಬೆವತದ್ದಷ್ಟೇ. ಧೈರ್ಯವನ್ನು ಆಮೇಲೆ ಸೇರಿಸಿಕೊಂಡಿರಬೇಕು.

ಷೇರಿನ ಮೇಲೆ ಕಂಪನಿಗಳು ಆಗಾಗ ಕೊಟ್ಟ ಡಿವಿಡೆಂಡ್ ಬ್ಯಾಂಕಿಗೆ ನೇರ ಬಂದು, ತರಕಾರಿಯಲ್ಲಿ ಕರಗಿತ್ತು. ಅದು ನನ್ನ ಪರವಾಗಿ ಇರುವ ದುಡ್ಡು, ಬಿಡಲಿಲ್ಲ, ಹದಿನೆಂಟು ರೂಪಾಯಿ ಬಂದದ್ದನ್ನೂ ತುಂಬಿದೆ. ಕೊನೆಗೆ ಗುಂಡಿ ಒತ್ತಿದೆ.

ಒಂಬತ್ತು ಪಾಯಿಂಟ್ ಮೂರು.

"ನನಗಿಂತ ಹೆಚ್ಚೇ ಇದೆ" ಎಂದರು ಗಂಡ, ಸಮಾಧಾನದ ದನಿಯಲ್ಲಿ. ಎರಡು ಪರ್ಸೆಂಟು ಹೆಚ್ಚು. ಅಷ್ಟಕ್ಕೆ ನಿಲ್ಲಿಸಬಹುದಿತ್ತು. ಆದರೆ ಕೈ ಸುಮ್ಮನಿರಲಿಲ್ಲ. ಇಂಡೆಕ್ಸ್ ಫಂಡ್ ಎಂದು ಒಂದಿದೆ, ದೊಡ್ಡ ಕಂಪನಿಗಳನ್ನೆಲ್ಲ ಸ್ವಲ್ಪ ಸ್ವಲ್ಪ ಒಟ್ಟಿಗೆ ಕೊಂಡು ಸುಮ್ಮನೆ ಕೂರುವ ನಿಧಿ, ಅದರಲ್ಲಿ ಆಯ್ಕೆ ಮಾಡುವ ತಲೆನೋವೇ ಇಲ್ಲ. ಅದೇ ತಾರೀಕುಗಳಲ್ಲಿ ಅಷ್ಟಷ್ಟೇ ದುಡ್ಡನ್ನು ನಾನು ಅದಕ್ಕೆ ಹಾಕಿದ್ದರೆ ಏನಾಗುತ್ತಿತ್ತು ಎಂದು ನೋಡಿದೆ. ಹನ್ನೊಂದೂವರೆ ಬಂತು.

ನಾಲ್ಕು ವರ್ಷ ನಾನು ಓದಿದ ವಾರ್ಷಿಕ ವರದಿಗಳು, ಅಡಿಗೆರೆ ಎಳೆದ ಸಾಲುಗಳು, ಬಸ್ಸಿನಲ್ಲಿ ಇಯರ್‌ಫೋನು ಹಾಕಿಕೊಂಡು ಕೇಳಿದ ಭಾಷಣಗಳು, ಇವೆಲ್ಲದರ ಒಟ್ಟು ಬೆಲೆ ವರ್ಷಕ್ಕೆ ಎರಡು ಪರ್ಸೆಂಟು ನಷ್ಟ. ನಾನು ಏನೂ ಓದದೆ ಆ ಹೊತ್ತಿನಲ್ಲಿ ನಿದ್ದೆ ಮಾಡಿದ್ದರೆ ಈಗಿರುವುದಕ್ಕಿಂತ ಶ್ರೀಮಂತಳಾಗಿರುತ್ತಿದ್ದೆ. ಅಳಬೇಕಾದ ವಿಷಯ ಇದು. ಆದರೆ ಗಂಡ, "ಸರಿಯಾಗಿ ಹೇಳ್ಬೇಕು ಅಂದ್ರೆ, ನಿನ್ನ ಬುದ್ಧಿಗೆ ನೀನೇ ದಂಡ ಕಟ್ಟಿದೀಯ" ಎಂದಾಗ ನನಗೆ ಬಂದದ್ದು ಅಳುವಲ್ಲ. ಹೊಟ್ಟೆ ಹಿಡಿದುಕೊಂಡು ನಕ್ಕು ಕುರ್ಚಿಯಿಂದ ಜಾರಿದೆ. ಇದು ನನ್ನ ನೆನಪಲ್ಲ, ಅದೇ ದಿನ ಡೈರಿಯಲ್ಲಿ ಬರೆದಿದ್ದೇನೆ: 'ಒಂಬತ್ತು ಪಾಯಿಂಟ್ ಮೂರು. ಕುರ್ಚಿಯಿಂದ ಬಿದ್ದೆ. ತುಂಬ ಹಗುರವಾಗಿದೆ.'

ಹಗುರವಾಗಿದ್ದದ್ದು ಯಾಕೆಂದು ಆಮೇಲೆ ಯೋಚಿಸಿದೆ. ಅತ್ತೆಯ ಮೂರು ಲಕ್ಷದ ಇಪ್ಪತ್ತು ಸಾವಿರ ಇನ್ನೂ ನನ್ನ ಕೈಗೆ ಬಂದಿರಲಿಲ್ಲ. ಒಂದು ವಾರ ಹೆಚ್ಚುಕಡಿಮೆಯಾಗಿದ್ದರೆ ಆ ದುಡ್ಡು ಎಲೆಯ ಮೇಲೆ ಬೆರಳಿನಲ್ಲಿ ಬರೆದ ಪಟ್ಟಿಯೊಳಗೆ ಹೋಗಿರುತ್ತಿತ್ತು.

ಆದರೂ ಹೇಳಲು ಹೋಗುವುದು ಸುಲಭವಿರಲಿಲ್ಲ. ನಾನೊಬ್ಬಳೇ ಹೋದೆ. ಸೊರಬದಿಂದ ಶಿರಾಳಕೊಪ್ಪ, ಅಲ್ಲಿಂದ ಇನ್ನೊಂದು ಬಸ್ಸು. ದಾರಿಯುದ್ದಕ್ಕೂ ಹೇಳುವ ವಾಕ್ಯವನ್ನು ಜೋಡಿಸಿದೆ. 'ಒಂದು ವರ್ಷದ್ದಷ್ಟೇ ನೋಡಿದರೆ ಹತ್ತರ ಮೇಲೆ ಇದೆ' ಎಂದು ಶುರು ಮಾಡಬಹುದು, ಅದು ಸುಳ್ಳಲ್ಲ. 'ಎಫ್‌ಡಿಗಿಂತ ಹೆಚ್ಚು' ಎಂದು ಮುಗಿಸಬಹುದು, ಅದೂ ಸುಳ್ಳಲ್ಲ. ನಿಜಗಳನ್ನೇ ಆಯ್ದು ಜೋಡಿಸಿ ನಲವತ್ತೈದರ ಹತ್ತಿರಕ್ಕೆ ಎಷ್ಟು ಹೋಗಬಹುದು ಎಂದು ನಾನು ಬಸ್ಸಿನಲ್ಲಿ ಕೂತು ಪ್ರಯತ್ನಿಸಿದ್ದು ಹೌದು.

ಅತ್ತೆ ಅಂಗಳದಲ್ಲಿ ಕೂತು ಅವರೆಕಾಳು ಬಿಡಿಸುತ್ತಿದ್ದರು. (ಅವರೆಯ ಕಾಲ ಅದಲ್ಲ ಎಂದು ಈಗ ಹೊಳೆಯುತ್ತಿದೆ. ಬೇರೆ ಯಾವುದೋ ಕಾಳಿರಬೇಕು.) ನನ್ನ ಮುಖ ನೋಡಿಯೇ, "ತಂದು ಬಿಟ್ಟಿದ್ದೇ ಹೆಚ್ಚು, ಅಲ್ವಾ?" ಎಂದರು. ಜೋಡಿಸಿದ ವಾಕ್ಯವೆಲ್ಲ ಬಿದ್ದುಹೋಯಿತು. ಒಂಬತ್ತು ಚಿಲ್ಲರೆ ಎಂದೂ ಹೇಳಿದೆ, ಹನ್ನೊಂದೂವರೆಯನ್ನೂ ಹೇಳಿದೆ, ಪಂಪ್‌ಸೆಟ್ಟನ್ನೂ ಹೇಳಿದೆ.

"ನೂರು ಕುರಿಗೆ ವರ್ಷಕ್ಕೆ ಒಂಬತ್ತು ಮರಿ" ಎಂದು ಅತ್ತೆ ಲೆಕ್ಕ ಹಾಕಿದರು. "ನನ್ನ ಕುರಿ ಅಷ್ಟು ಕಡಿಮೆ ಈದಿದ್ರೆ ಅವತ್ತೇ ಮಾರ್ತಿದ್ದೆ."

"ಇದಕ್ಕೆ ಮೇವು ಬೇಡ ಅತ್ತೆ. ಔಷಧಿ ಬೇಡ, ನಾಯಿ ಕಾಟ ಇಲ್ಲ."

"ಅದೂ ಸರಿ." ಸ್ವಲ್ಪ ಹೊತ್ತು ಕಾಳು ಬಿಡಿಸಿದರು. "ಆ ಬುದ್ಧಿ ಬೇಡದ್ದು ಐತಲ್ಲ, ಹನ್ನೊಂದೂವರೆದು. ಅದು ಪ್ರತಿ ವರ್ಷನೂ ಅಷ್ಟೇ ಕೊಡುತ್ತಾ?"

"ಇಲ್ಲ. ಒಂದು ವರ್ಷ ಇಪ್ಪತ್ತು ಬರಬಹುದು, ಇನ್ನೊಂದು ವರ್ಷ ಇರೋದೇ ಕಡಿಮೆಯಾಗಬಹುದು. ಐದಾರು ವರ್ಷ ಮುಟ್ಟದೆ ಬಿಡೋ ದುಡ್ಡಾದರೆ ಮಾತ್ರ ಹಾಕಬಹುದು."

"ಹಂಗಾರೆ ಕೇಳು. ಎರಡೂವರೆ ಲಕ್ಷ ಬ್ಯಾಂಕಲ್ಲಿ ಎಫ್‌ಡಿ. ಅದು ನನ್ನ ಮೊಣಕಾಲಿಗೆ. ಉಳಿದ ಎಪ್ಪತ್ತು ಸಾವಿರ ನಿನಗೆ ಪಾಲಿಗೆ ಬಿಡ್ತೀನಿ. ನಿನ್ನ ಆ ಪಟ್ಟಿಗೆ ಹಾಕ್ಬೇಡ. ಬುದ್ಧಿ ಬೇಡದ್ದಕ್ಕೆ ಹಾಕು."

ಪಾಲಿಗೆ ಬಿಡುವುದೆಂದರೆ ನಮ್ಮಲ್ಲಿ ಕುರಿ ಕೊಟ್ಟು ಮೇಯಿಸಲು ಹೇಳುವುದು. ಹುಟ್ಟಿದ ಮರಿಗಳಲ್ಲಿ ಅರ್ಧ ಒಡೆಯರಿಗೆ, ಅರ್ಧ ಮೇಯಿಸಿದವರಿಗೆ. ಕುರಿ ಸತ್ತರೆ ಮೇಯಿಸಿದವರು ದುಡ್ಡು ಕಟ್ಟಬೇಕಿಲ್ಲ, ಆದರೆ ಅದರ ಚರ್ಮ ತಂದು ಒಡೆಯರಿಗೆ ತೋರಿಸಬೇಕು. ಅರ್ಧ ಪಾಲು ನನಗೆ ಬೇಡ ಎಂದೆ. ಅದು ಹೇಗಾಗುತ್ತದೆ ಎಂದು ಅತ್ತೆ ಜಗಳಕ್ಕೇ ನಿಂತರು.

"ಸರಿ, ಮಾರುಕಟ್ಟೆ ಬಿದ್ದು ದುಡ್ಡು ಸತ್ತರೆ ನಾನು ಯಾವ ಚರ್ಮ ತಂದು ತೋರಿಸಲಿ?" ಎಂದೆ.

"ನಿನ್ನದೇ ತಗೊಂಬಾ" ಎಂದರು ಅತ್ತೆ. "ಪರವಾಗಿಲ್ಲ, ಓದಿರೋ ಚರ್ಮ, ಗಟ್ಟಿ ಇರುತ್ತೆ."

ಬಸ್‌ಸ್ಟಾಪಿನವರೆಗೆ ಜೊತೆಗೆ ಬಂದರು. ಮೊಣಕಾಲು ನೋವೆಂದು ಹೇಳುವವರು ನನಗಿಂತ ಮುಂದೆ ನಡೆಯುತ್ತಿದ್ದರು. ನಡೆಯುತ್ತ, "ನೀನು ಓದಿದ್ದೂ ಕುರಿದುಡ್ಡಲ್ಲೇ ಅಲ್ವಾ, ಅದ್ಕೇ ನಂಬಿಕೆ" ಎಂದರು. ಅದು ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತಿರುವ ಮಾತು. ನಾನು ಹುಟ್ಟಿದ ವರ್ಷ ಅತ್ತೆ ಒಂದು ಹೆಣ್ಣು ಕುರಿಯನ್ನು ನನ್ನ ಹೆಸರಿಗೆ ಬಿಟ್ಟಿದ್ದರಂತೆ. ಶಿವಮೊಗ್ಗದಲ್ಲಿ ನಾನು ಬಿ.ಎ., ಎಂ.ಎ. ಓದಿದ ಐದು ವರ್ಷ, ಪ್ರತಿ ಜೂನ್‌ನಲ್ಲಿ ಫೀಸಿನ ದುಡ್ಡು ಕೊಡುವಾಗ, "ನಿನ್ನ ಕುರಿ ಮರಿ ಮಾರಿದ್ದು, ನನ್ನದೇನಿಲ್ಲ" ಎನ್ನುತ್ತಿದ್ದರು. ನಾನು ಯಾರ ಹಂಗಿಗೂ ಬೀಳದೆ ಓದಿದವಳು ಎಂದು ಅವತ್ತಿನವರೆಗೂ ಹೆಮ್ಮೆಯಿಂದ ಹೇಳಿಕೊಂಡು ಬಂದಿದ್ದೆ.

ಎರಡು ವಾರ ಅದೇ ಲೆಕ್ಕದಲ್ಲಿದ್ದ ತಲೆ ನಿಲ್ಲಲಿಲ್ಲ. ಒಂದು ಕುರಿ. ವರ್ಷಕ್ಕೆ ಒಂದೋ ಎರಡೋ ಮರಿ. ಅದರಲ್ಲಿ ಗಂಡು ಎಷ್ಟು, ಸತ್ತದ್ದೆಷ್ಟು. ನಡುವೆ ಒಂದು ವರ್ಷ ರೋಗ ಬಂದು ಅರ್ಧ ಹಿಂಡು ಹೋದದ್ದು ನನಗೇ ಗೊತ್ತು. ಹಾಸ್ಟೆಲಿನ ಫೀಸು, ಪುಸ್ತಕ, ಎರಡು ಶೈಕ್ಷಣಿಕ ಪ್ರವಾಸ. ಯಾವ ಕಡೆಯಿಂದ ಕೂಡಿದರೂ ಒಂದು ಕುರಿಯ ಸಂತಾನ ಅಷ್ಟಾಗಲಿಲ್ಲ, ಹತ್ತಿರಕ್ಕೂ ಬರಲಿಲ್ಲ.

ಬಸ್‌ಸ್ಟಾಪಿನಲ್ಲಿ ಕೇಳಿದೆ. ಅತ್ತೆ ರಸ್ತೆಯ ಕಡೆ ನೋಡಿ, "ಬಸ್ಸು ಬಂತೇನೋ ನೋಡು" ಎಂದರು. ಬಸ್ಸು ಬಂದದ್ದು ಕಾಲು ಗಂಟೆಯ ಮೇಲೆ. ಅದಾದ ಮೇಲೆ ಫೋನಿನಲ್ಲಿ ಎರಡು ಸಲ ಕೇಳಿದ್ದೇನೆ. ಒಂದು ಸಲ ಹಾಲು ಉಕ್ಕುತ್ತಿದೆ ಎಂದರು, ಇನ್ನೊಂದು ಸಲ ಸಿಗ್ನಲ್ ಇಲ್ಲ ಎಂದು ಸ್ಪಷ್ಟವಾಗಿ ಹೇಳಿ ಇಟ್ಟರು. ನಾನು ಕೇಳಿದ್ದು ಇಷ್ಟೇ:

"ಅತ್ತೆ, ನನ್ನ ಫೀಸಿಗೆ ಪ್ರತಿ ವರ್ಷ ನೀನು ನಿನ್ನ ಹಿಂಡಿನ ಕುರಿ ಎಷ್ಟು ಮಾರ್ತಿದ್ದೆ?"